ಇಪ್ಪತ್ತು ಮರಿ, ಮೂರು ಊರು, ಒಂದು ಸಾರಿಸಿದ ನೆಲ

ಜನವರಿ 8, ಬೆಳಗ್ಗೆ 6.40. ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರದ ಬಸ್ಸು ಹತ್ತಿದಾಗ ಬ್ಯಾಗಿನಲ್ಲಿ ಮೂರು ಜೊತೆ ಬಟ್ಟೆ, ಒಂದು ನೋಟ್‌ಬುಕ್, ಎರಡು ಪೆನ್ನು ಇದ್ದವು. ಹೆಂಗಸರಿಗೆ ಸೊನ್ನೆ ರೂಪಾಯಿಯ ಟಿಕೆಟ್. ಅದನ್ನೂ ನೋಟ್‌ಬುಕ್ಕಿಗೆ ಅಂಟಿಸಿದೆ.

ಮುಂಡರಗಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಗವ್ವ ಶಾಂತವ್ವ ಕಂಪನಿಯೊಂದರಿಂದ ಮರಿ ಪಡೆದು ಬ್ರಾಯ್ಲರ್ ಕೋಳಿ ಸಾಕುತ್ತಾಳೆ. ಹಿಂದಿನ ಎರಡು ಬ್ಯಾಚಿನ ಮರಿಗಳು ಮೊದಲ ವಾರದಲ್ಲೇ ಭೇದಿ ಹತ್ತಿ ಸೊರಗಿದ್ದವು. ಮೂರನೆಯದೂ ಹಾಗಾದರೆ ಇನ್ನು ಮರಿ ಕೊಡುವುದಿಲ್ಲವೆಂದು ಕಂಪನಿಯ ಮೇಲ್ವಿಚಾರಕ ಹೇಳಿ ಹೋಗಿದ್ದ. ‘ನೀ ಎಲ್ಲಾ ಬರ್ದಿಡಾಕಿ. ಚಲೋ ಸಾಕೂ ಮಂದಿ ಏನ ಮಾಡ್ತಾರ ನೋಡ್ಕೊಂಡ ಬಾ’ ಎಂದು ಚಿಗವ್ವ ಫೋನ್ ಮಾಡಿದ್ದಳು. ಮರಿಗಳು ಬರುವುದು ಹತ್ತನೇ ತಾರೀಖು ಸಂಜೆ. ನನಗಿದ್ದದ್ದು ಎರಡೇ ದಿನ. ರಾತ್ರಿಯೆಲ್ಲ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಲಕ್ಷ್ಮೇಶ್ವರದಲ್ಲಿ ಅಪ್ಪನ ಗೆಳೆಯ ಇಮಾಮಸಾಬ ಕಾಕಾ ಸ್ಟ್ಯಾಂಡಿಗೇ ಬಂದಿದ್ದರು. ಗಿರ್ಮಿಟ್ಟು, ಚಹಾ ಮುಗಿಸಿ ಅವರ ಶೆಡ್ಡಿಗೆ ಹೋದೆವು. ಒಂದು ಶೆಡ್ಡಿನ ರೋಗ ಇನ್ನೊಂದಕ್ಕೆ ಹೋಗಬಾರದೆಂದು ನನ್ನ ಚಪ್ಪಲಿ ಹೊರಗೆ ಬಿಡಿಸಿ, ಅವರವೇ ಕೊಟ್ಟರು. ಅಳತೆಗೆ ದೊಡ್ಡವು; ಎರಡು ಸಲ ಎಡವಿದೆ. ಹಿಂದಿನ ದಿನವಷ್ಟೇ ಬಂದ ಮರಿಗಳು ಬಲ್ಬಿನ ಕೆಳಗೆ ಹರಡಿಕೊಂಡು ತಿನ್ನುತ್ತಿದ್ದವು. ಕಾಕಾ ಒಂದನ್ನು ಹಿಡಿದು, ಕೊರಳ ಬುಡದಲ್ಲಿರುವ ಕಾಳಿನ ಚೀಲದ ಮೇಲೆ ನನ್ನ ಬೆರಳು ಇಡಿಸಿದರು. ಅಂಬಲಿ ತುಂಬಿದಂತೆ ಮೆತ್ತಗಿತ್ತು. ತಿಂದೂ ಐತಿ, ಕುಡಿದೂ ಐತಿ ಎಂದರು. ಇಪ್ಪತ್ತು ಮರಿ ಮುಟ್ಟಿ ನೋಡಿದೆ. ತುಂಬಿದವು ಹತ್ತೊಂಬತ್ತು.

‘ಮೊದಲ ದಿನಾ ತಿಂದ ಮರಿದು ಕರುಳು ಬಲೀತೈತಿ, ತಂಗಿ’ ಎಂದರು ಕಾಕಾ. ‘ಅದರ ಪಾಯಾನ ಅದು. ಪಾಯಾ ಕುಸಿದ ಮ್ಯಾಲೆ ಎಷ್ಟ ಔಷಧ ಸುರವಿದ್ರೂ ಅಷ್ಟ.’

ಜನವರಿ 9. ಶಿರಹಟ್ಟಿ. ತಂಪು ಗಾಳಿ, ಬಸ್ಸಿನ ಕಿಟಕಿ ಮುಚ್ಚುತ್ತಿರಲಿಲ್ಲ. ಬಟ್ಟೆ ಬದಲಿಸಿಕೊಂಡು, ಕಾಕಾ ಹೇಳಿ ಕಳಿಸಿದ್ದ ಗಿರಿಜವ್ವನ ಶೆಡ್ಡಿಗೆ ಹೋದೆ. ಆಕೆ ಮರಿಯೊಂದನ್ನು ಎತ್ತಿ ಅದರ ಕಾಲನ್ನು ನನ್ನ ಕೆನ್ನೆಗೆ ಒತ್ತಿದಳು. ಬೆಚ್ಚಗಿತ್ತು. ಕಾಲು ತಣ್ಣಗಾದ ಮರಿ ಮೂಲೆಯಲ್ಲಿ ಗುಂಪಾಗಿ ಕೂರುತ್ತದೆಯೇ ಹೊರತು ತಿನ್ನಲು ಏಳುವುದಿಲ್ಲ, ಆದ್ದರಿಂದ ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನ ಮೇಲೆ ಕೈಯಾಡಿಸಿದರೆ ಸಾಲದು, ತಳದ ತನಕ ಕೈ ಹಾಕಿ ನೋಡಬೇಕು ಎಂದಳು. ಇಲ್ಲಿ ಕಾಳಿನ ಚೀಲದ ಲೆಕ್ಕ: ಇಪ್ಪತ್ತಕ್ಕೆ ಹದಿನೆಂಟು. ನಾನು ಬರೆಯುವುದನ್ನು ನೋಡಿ ಗಿರಿಜವ್ವ, ‘ನಮ್ಮ ಮರಿಗೋಳು ಪಾಸ್ ಆದ್ವೇನ್ರೀ ಮಾಸ್ತರಬಾಯಿ?’ ಎಂದು ಕೇಳಿದಳು. ಮಧ್ಯಾಹ್ನ ಕಟಕ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ರೊಟ್ಟಿ ಮೂರು.

ಜನವರಿ 10. ಮುಂಡರಗಿಗೆ ಬಸ್ಸು, ಅಲ್ಲಿಂದ ಹಳ್ಳಿಗೆ ಟಂಟಂ ಆಟೊ, ಇಪ್ಪತ್ತು ರೂಪಾಯಿ. ಚಿಗವ್ವನ ಶೆಡ್ಡು ಮುಟ್ಟಿದಾಗ 10.15. ಮೊದಲ ನೋಟಕ್ಕೆ ಎಲ್ಲವೂ ಸರಿಯಿತ್ತು. ಗೋಡೆಗೆ ಹೊಸ ಸುಣ್ಣ, ಮರಿ ಕೂಡಿಡಲು ತಗಡು ಬಗ್ಗಿಸಿ ಮಾಡಿದ ನಾಲ್ಕು ದುಂಡು ಬೇಲಿ, ಪ್ರತಿಯೊಂದರ ಮೇಲೂ ಬಲ್ಬು, ಒಳಗೆ ಹಳದಿ ಹೊಟ್ಟು. ನಾನು ಕುಳಿತು ತಳದ ತನಕ ಕೈ ಹಾಕಿದೆ. ಬೆರಳಿಗೆ ತಣ್ಣನೆಯ ಹಸಿ ತಾಗಿತು. ಕೈ ಎತ್ತಿದರೆ ಸೆಗಣಿ.

ಚಿಗವ್ವ ಹೆಮ್ಮೆಯಿಂದಲೇ ಹೇಳಿದಳು. ಪ್ರತಿ ಸಲವೂ ಮರಿ ಬರುವ ದಿನ ನಸುಕಿನಲ್ಲೆದ್ದು, ಮರಿ ಇಳಿಸುವ ಅರ್ಧ ಶೆಡ್ಡಿನ ಮಣ್ಣಿನ ನೆಲವನ್ನು ತಾನೇ ಸಾರಿಸಿ, ಆಮೇಲೆ ಹೊಟ್ಟು ಹಾಸುತ್ತಾಳೆ. ಎರಡೂ ಬ್ಯಾಚಿಗೆ ಹಾಗೇ ಮಾಡಿದ್ದಳು. ಹುಡುಕಿಕೊಂಡು ಬಂದದ್ದು ಕೈಗೇ ಮೆತ್ತಿಕೊಂಡಿತ್ತು. ಮರಿಗಳ ಕಾಲನ್ನು ತಣ್ಣಗೆ ಮಾಡಿದ್ದು ಈ ಹಸಿ ನೆಲವೇ ಎಂದೆ.

‘ಹೊಸಾ ಜೀವಾ ಮನಿಗಿ ಬರೂ ಹೊತ್ತಿನ್ಯಾಗ ಸಾರಸದ ನೆಲಕ್ಕ ಇಳಸೂದೇನ?’ ಎಂದಳು.

‘ಚಿಗವ್ವ, ಅವಕ್ಕ ನೆಲಾ ಕಾಣಂಗಿಲ್ಲ. ಕಾಲಿಗಿ ಹತ್ತಿದ್ದಷ್ಟ ಗೊತ್ತಾಕ್ಕೈತಿ’ ಎಂದೆ. ತಣ್ಣಗಾಗಿದ್ದ ನನ್ನ ಬೆರಳುಗಳನ್ನು ಆಕೆಯ ಕೆನ್ನೆಗೆ ಹಚ್ಚಿದೆ.

ಆಕೆ ಕೆನ್ನೆ ಒರೆಸಿಕೊಳ್ಳಲಿಲ್ಲ. ಸೆರಗು ಸಿಕ್ಕಿಸಿ, ಹೊಸ್ತಿಲನ್ನು ಮಾತ್ರ ಸಾರಿಸಿಯೇ ತೀರುತ್ತೇನೆ, ಅದಕ್ಕೆ ಯಾರೂ ಅಡ್ಡ ಬರಬಾರದು ಎಂದಳು. ಶೆಡ್ಡಿನ ಇನ್ನರ್ಧ ನೆಲ ಒಣಗಿಯೇ ಇತ್ತು. ನಾಲ್ಕೂ ಬೇಲಿಗಳನ್ನು ಅಲ್ಲಿಗೆ ಎಳೆದೆವು. ಒಣ ಹೊಟ್ಟು ಹೊತ್ತದ್ದು ಹದಿನಾಲ್ಕು ಚೀಲ. 1.30ಕ್ಕೆ ಬಲ್ಬು ಹಚ್ಚಿದೆವು. ಗಾಡಿ ಬಂದದ್ದು 5.20ಕ್ಕೆ. ಅಷ್ಟರಲ್ಲಿ ತಳದ ನೆಲವೂ ಬೆಚ್ಚಗಾಗಿತ್ತು. ಹನ್ನೆರಡು ನೂರು ಮರಿಗಳನ್ನು ಇಳಿಸಿದೆವು. ಹೊಸ್ತಿಲ ಮುಂದೆ ರಂಗೋಲಿಯೂ ಬಿದ್ದಿತ್ತು.

ಜನವರಿ 11, ಬೆಳಗ್ಗೆ 6. ಇಪ್ಪತ್ತು ಮರಿ ಮುಟ್ಟಿದೆ. ಹತ್ತೊಂಬತ್ತು. ಓಡಿ ಹೋಗಿ ಚಿಗವ್ವನನ್ನು ಎಬ್ಬಿಸಿದೆ. ಆಕೆ ನನ್ನನ್ನು ನಂಬದೆ ತಾನೇ ಬಂದು ಇಪ್ಪತ್ತು ಬೇರೆ ಮರಿ ಹಿಡಿದಳು. ಇಪ್ಪತ್ತಕ್ಕೆ ಇಪ್ಪತ್ತು. ನನಗಿಂತ ಒಂದು ಹೆಚ್ಚು ಎಂದು ಮಧ್ಯಾಹ್ನದ ತನಕ ಹೇಳುತ್ತಲೇ ಇದ್ದಳು.

ಅಂದೇ ಹೊರಡಬೇಕಿದ್ದವಳು ಇನ್ನೂ ಏಳು ದಿನ ಉಳಿದೆ. ಭೇದಿ ಹತ್ತಲಿಲ್ಲ. ಹನ್ನೆರಡು ನೂರರಲ್ಲಿ ಸತ್ತವು ಒಂಬತ್ತು. 17ರಂದು ಮೇಲ್ವಿಚಾರಕ ಬಂದ. ತೂಕ ನೋಡಿದ, ಒಂದು ಹಿಡಿ ಹೊಟ್ಟು ತೆಗೆದು ಹಿಂಡಿದ. ಮುದ್ದೆಯಾಗದೆ ಪುಡಿಪುಡಿಯಾಗಿ ಉದುರಿತು. ಮಾರ್ಚಿನಲ್ಲಿ ಮುಂದಿನ ಬ್ಯಾಚು ಕಳಿಸಲೇ ಎಂದು ಕೇಳಿದ. ಚಿಗವ್ವ ನನ್ನ ಕಡೆ ತಿರುಗಿ, ‘ಬರ್ಕೊ’ ಎಂದಳು.

ಮರುದಿನ ಬೆಳಗ್ಗೆ ಮುಂಡರಗಿ ಸ್ಟ್ಯಾಂಡಿನ ತನಕ ಬಂದಳು. ನಾನು ಬಸ್ಸು ಹತ್ತಿ ಕುಳಿತ ಮೇಲೆ ಆಕೆಯೂ ಹತ್ತಿ, ಬಗ್ಗಿ, ಎಲ್ಲರೆದುರು ನನ್ನ ಪಾದ ಮುಟ್ಟಿ ನೋಡಿದಳು. ‘ತಣ್ಣಗದಾವು. ಹೊಟ್ಟಿಗಿ ಏನೂ ತಿಂದಿಲ್ಲ ನೀ’ ಎಂದು ರೊಟ್ಟಿಯ ಗಂಟನ್ನು ಮಡಿಲಿಗೆ ಹಾಕಿ ಇಳಿದಳು. ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಗಂಟು ಬಿಚ್ಚಿದೆ. ರೊಟ್ಟಿ ನಾಲ್ಕು. ಗದಗ ಮುಟ್ಟುವಷ್ಟರಲ್ಲಿ ಉಳಿದದ್ದು ಸೊನ್ನೆ.