ಉಪ್ಪುನೀರಿನಲ್ಲಿ ಮುಳುಗಿದ ಅಂಬರ್ ಸರ

ಗೆಳೆಯರೇ, ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಅತ್ತೆಯ ಹಳೆಯ ಅಂಬರ್ ಸರವನ್ನು ದಾರ ಬದಲಿಸಲು ಬಿಬವೇವಾಡಿ ಬಡಾವಣೆಯ ಆಭರಣದ ಅಂಗಡಿಯೊಂದಕ್ಕೆ ಕೊಟ್ಟಿದ್ದೆವು. ಇವತ್ತು ಅತ್ತೆಯೊಂದಿಗೆ ಅಂಗಡಿಗೆ ಹೋದಾಗ ಕೈಗೆ ಬಂದ ಮಣಿಗಳು ತಣ್ಣಗೆ, ಭಾರವಾಗಿದ್ದವು. ಅಂಬರ್ ಎಂದರೆ ಕೋಟ್ಯಂತರ ವರ್ಷ ಮಣ್ಣಿನಲ್ಲಿದ್ದು ಗಟ್ಟಿಯಾದ ಮರದ ಅಂಟು, ಗಾಢ ಉಪ್ಪುನೀರಿನಲ್ಲಿ ತೇಲುವಷ್ಟು ಹಗುರ. ಪಕ್ಕದ ಹೋಟೆಲಿನಿಂದ ಉಪ್ಪು ತಂದು ಲೋಟದ ನೀರಿನಲ್ಲಿ ಕದಡಿದೆ. ತೇಲಬೇಕಿದ್ದ ಸರ ಸೀದಾ ತಳ ಸೇರಿತು.

"ಅಸಲಿ ಮಾಲಿಗೆ ತೂಕ ಇರ್ತದ್ರಿ ಅಕ್ಕಾರ," ಎಂದ ಅಂಗಡಿಯವನು.

"ಇದು ಗಾಜು! ನಮ್ಮ ಸರ ತಗೀರಿ, ಇಲ್ಲಾಂದ್ರ ಪೊಲೀಸರನ್ನ ಕರೀತೀನಿ!" ಎಂದು ಕೂಗಿದೆ.

ಡ್ರಾಯರಿನಿಂದ ನಮ್ಮ ಸರ ಹೊರಬಂತು. ಅದು ತೇಲಿತು.

"ತಪ್ಪಿ ಅದಲುಬದಲಾಗೇದ್ರಿ. ಚಹಾ ಕುಡದು ಹೋಗ್ರಿ," ಎಂದು ಹಲ್ಲು ಕಿರಿದ.

ಅತ್ತೆ ಎದ್ದರು: "ಬ್ಯಾಡಪ್ಪಾ, ಅದರಾಗ ಚಹಾಪುಡಿ ಅದನೋ ಇಲ್ಲೋ ಅಂತ ಮತ್ತ ಪರೀಕ್ಷಾ ಮಾಡಬೇಕಾಗ್ತದ."