ಫಾರ್ಮ್ಯಾಟ್ ಸರಿಯಿಲ್ಲದ ಸೋಬಾನೆ

ತಂಗಿಯ ಮದುವೆಗೆ ಒಂದು ವಿಡಿಯೊ ಮಾಡಿಕೊಡುತ್ತೇನೆಂದು ಬಾಯಿ ಬಿಟ್ಟವಳು ನಾನೇ. ಎಡಿಟಿಂಗ್ ತಾನೆ, ನೆಟ್‌ನಲ್ಲಿ ನೋಡಿ ಕಲಿತರಾಯಿತು ಎಂದುಕೊಂಡಿದ್ದೆ. ನನ್ನ ಮದುವೆಯಲ್ಲಿ ಅಜ್ಜಿ ಹೇಳಿದ ಸೋಬಾನೆ ಹಾಡನ್ನು ಸೋದರಮಾವ ತಮ್ಮ ಹಳೆಯ ಕ್ಯಾಮೆರಾದಲ್ಲಿ ಹಿಡಿದಿದ್ದರು. ಈಗ ಅಜ್ಜಿಗೆ ಮರೆವು. ತಂಗಿಗೆ ಆ ಹಾಡು ಸಿಗಬೇಕಾದರೆ ಮಾವ ಕೊಟ್ಟ ಮೆಮೊರಿ ಕಾರ್ಡ್‌ನಿಂದಲೇ ಸಿಗಬೇಕಿತ್ತು.

ಕಾರ್ಡನ್ನು ಲ್ಯಾಪ್‌ಟಾಪ್‌ಗೆ ಹಾಕಿ ಸುಮ್ಮನೆ ನೋಡಿದರೆ ಹಾಡು ಚೆನ್ನಾಗಿಯೇ ಕೇಳುತ್ತದೆ. ಎಡಿಟಿಂಗ್‌ಗೆ ಎಳೆದು ಹಾಕಿದರೆ ಅಜ್ಜಿಯ ಬಾಯಿ ಆಡುತ್ತದೆ, ದನಿ ಇಲ್ಲ! ಚಿಕ್ಕಮ್ಮನ ಮಗಳು ಫೋನಿನಿಂದ ಕಳಿಸಿದ ತಂಗಿಯ ಬೇರೆ ವಿಡಿಯೊಗಳಂತೂ ತೆರೆಯುವುದೇ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ಪುಕ್ಕಟೆ ಕನ್ವರ್ಟರ್ ಒಂದನ್ನು ಇಳಿಸಿಕೊಂಡೆ. ಅದು ಅಜ್ಜಿಯ ಮುಖದ ಮೇಲೆ ದೊಡ್ಡದಾಗಿ ತನ್ನ ಹೆಸರು ಬರೆದುಕೊಂಡಿತು. ಯಾರ ಅಜ್ಜಿ ಎಂದುಕೊಂಡಿತ್ತೋ! ಆ ಪ್ರತಿಯನ್ನು ಸಿಟ್ಟಿನಲ್ಲಿ ಅಲ್ಲೇ ಅಳಿಸಿಹಾಕಿದೆ. ರೊಟ್ಟಿ ತಟ್ಟುವಾಗಲೂ ನನ್ನ ಬಾಯಲ್ಲಿ ಒಂದೇ ಬೈಗುಳ: "ಈ ಹಾಳಾದ ಕಾರ್ಡಿಂದು ಫಾರ್ಮ್ಯಾಟೇ ಸರಿ ಇಲ್ಲ."

ಕಾಫಿ ಕುಯ್ಲಿನ ಗಡಿಬಿಡಿಯಲ್ಲಿದ್ದ ಗಂಡ ಇದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಆದರೆ ಸಿದ್ದಾಪುರ ಸಂತೆಯಿಂದ ಬಂದವರು ಕಾರ್ಡನ್ನು ಮೇಜಿನ ಮೇಲಿಟ್ಟು ನಕ್ಕರು.

"ತಗೋ, ಇನ್ನು ಬೈಬೇಡ. ಮೊಬೈಲ್ ಅಂಗಡಿಲಿ ಫಾರ್ಮ್ಯಾಟ್ ಮಾಡ್ಸಿ ತಂದಿದ್ದೇನೆ."

ನಾನು ಬೈದದ್ದು ವಿಡಿಯೊ ಫೈಲಿನ ನಮೂನೆಯನ್ನು. ಅಂಗಡಿಯವರ ಬಾಯಲ್ಲಿ ಫಾರ್ಮ್ಯಾಟ್ ಎಂದರೆ ಇದ್ದದ್ದನ್ನೆಲ್ಲ ಅಳಿಸಿ ಖಾಲಿ ಮಾಡುವುದು.

"ಬೇಕಾದ್ದು ಏನಾದ್ರೂ ಉಂಟಾ ಅಂತ ಅವ ಕೇಳ್ದ. ಎಂತದೂ ಸರಿ ಇಲ್ಲ, ಮಾಡು ಅಂದೆ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದರು. ಕಿರುಚಿದೆ. ಅವರಿಗೆ ವಿಷಯ ಅರ್ಥವಾಗಿ ಮುಖ ಕಪ್ಪಿಟ್ಟಾಗ ಇನ್ನೂ ಜೋರಾಗಿ ಕಿರುಚಿದೆ. ಲ್ಯಾಪ್‌ಟಾಪ್‌ನಲ್ಲಿ ಜಾಗವಿಲ್ಲದೆ ಬೇರೆ ಪ್ರತಿ ಮಾಡಿಟ್ಟಿರಲಿಲ್ಲ, ಮಾವನ ಬಳಿಯೂ ಇರಲಿಲ್ಲ. ಅಳಿಸಿಹೋದದ್ದನ್ನು ಹೊರತೆಗೆದು ಕೊಡುವವರು ಮಡಿಕೇರಿಯಲ್ಲಿದ್ದಾರೆಂದು ಅಲ್ಲಿಗೂ ಓಡಿದೆವು. ಅವರು ತೆಗೆದುಕೊಟ್ಟ ಚೂರುಪಾರು ಯಾವುದರಲ್ಲೂ ತೆರೆಯಲಿಲ್ಲ.

ಕೊನೆಗೆ ಅಜ್ಜಿಯನ್ನೇ ಜಗಲಿಯಲ್ಲಿ ಕೂರಿಸಿ, ಗಂಡನ ಫೋನ್ ಹಿಡಿದು ಎದುರು ನಿಂತೆ. ಸೋಬಾನೆ ಹೇಳಿ ಅಜ್ಜಿ, ತಂಗಿಯ ಮದುವೆಗೆ ಎಂದೆ. ಎರಡು ಸಾಲು ಹೇಳಿದರು. ದನಿ ಒಂಚೂರೂ ಕೆಟ್ಟಿರಲಿಲ್ಲ. ಆಮೇಲೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಮುಂದೆ ಎಂತ ಮಗಾ?"

ನನಗೂ ಗೊತ್ತಿರಲಿಲ್ಲ.

ಆ ಫೈಲ್ ಎಡಿಟಿಂಗ್‌ಗೆ ಹಾಕಿದ ಕೂಡಲೇ ತೆರೆಯಿತು, ದನಿ ಸಮೇತ.