ಮಾವ ಕಾಯಿಸಿದ ಪೊಮೇಡು

ಕಳೆದ ಭಾನುವಾರ ಶಿರಾ ಗೇಟಿನ ಕಟಿಂಗ್ ಶಾಪಿನಲ್ಲಿ ಕೂತಿದ್ದೆ. ಕತ್ತರಿ ಕೆಲಸ ಮುಗಿದ ಮೇಲೆ ಅಂಗಡಿಯವನು ಚಪ್ಪಟೆ ಡಬ್ಬಿಯೊಂದರ ಮುಚ್ಚಳ ತಿರುಗಿಸಿ, ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಅಂಗೈಯಲ್ಲಿ ಉಜ್ಜಿದ. ಜೇನುಮೇಣದ ವಾಸನೆ. ‘ಪೊಮೇಡ್ ಸಾರ್, ಸಂಜೆ ತನ್ಕ ಅಲ್ಲಾಡಲ್ಲ’ ಎಂದ. ನನ್ನ ತಲೆಯಲ್ಲಿ ಅಲ್ಲಾಡುವಷ್ಟು ಕೂದಲು ಉಳಿದಿಲ್ಲವೆಂಬುದನ್ನು ಇಬ್ಬರೂ ಸೌಜನ್ಯದಿಂದ ಮರೆತೆವು.

ಪೊಮೇಡ್ ಎಂಬ ಹೆಸರಿನ ಬೇರು ಸೇಬುಹಣ್ಣಿನಲ್ಲಿದೆಯಂತೆ. ಹಿಂದೆ ಯುರೋಪಿನವರು ಪ್ರಾಣಿಗಳ ಕೊಬ್ಬಿಗೆ ಸೇಬು ಅರೆದು ಬೆರೆಸುತ್ತಿದ್ದರಂತೆ. ತಲೆಗೆ ಹಚ್ಚಲು ಕರಡಿಯ ಕೊಬ್ಬಿಗೂ ಬೇಡಿಕೆಯಿತ್ತಂತೆ. ಆಮೇಲೆ ಪೆಟ್ರೋಲಿಯಂ ಜೆಲ್ಲಿ ಬಂತು, ಈಗ ಬರೀ ನೀರಿಗೇ ತೊಳೆದುಹೋಗುವಂಥದ್ದೂ ಬಂದಿದೆ. ಇಷ್ಟೊಂದು ‘ಅಂತೆ’ ಯಾಕೆಂದರೆ, ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಮನೆಯ ಕಥೆಗಳಿಗೆ ಮಾತ್ರ ಆ ನಿಯಮವನ್ನು ಯಾಕೆ ಬಿಟ್ಟುಕೊಟ್ಟೆನೋ ತಿಳಿಯದು.

ಗುಬ್ಬಿಯ ನನ್ನ ಸೋದರಮಾವ ಪೊಮೇಡನ್ನು ಮನೆಯಲ್ಲೇ ಕಾಯಿಸುತ್ತಿದ್ದ. ಸ್ವಂತ ತೋಟದ ಕೊಬ್ಬರಿ ಎಣ್ಣೆಗೆ ಜೇನುಮೇಣ. ಕುಣಿಗಲ್ಲಿಗೆ ಹೆಣ್ಣು ನೋಡಲು, ನನ್ನನ್ನೂ ಕರೆದುಕೊಂಡು, ಹೊರಟ ದಿನ ಮೇಣ ಮುಗಿದಿತ್ತು. ಆದರೆ ಬೆಳಗಿನ ಮಾಗಿ ಚಳಿಗೆ ಎಣ್ಣೆ ತಾನಾಗಿಯೇ ಬೆಣ್ಣೆಯಂತೆ ಗಟ್ಟಿಯಾಗಿತ್ತು. ಇನ್ನು ಮೇಣ ಯಾಕೆ ಅಂದುಕೊಂಡ. ತೆಂಗಿನ ತೋಟದವನು ಮಾಡಬಾರದ ತಪ್ಪು. ಬಸ್ಸಿನಲ್ಲಿ ಹಿರಿಯರೆಲ್ಲ ಕಿಟಕಿ ಹಿಡಿದರು; ಗಂಡಿಗೆ ಸಿಕ್ಕಿದ್ದು ಬಿಸಿ ಎಂಜಿನ್ ಪಕ್ಕದ ಸೀಟು. ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂರುವಷ್ಟರಲ್ಲಿ ಹಣೆ, ಕೆನ್ನೆ, ಕಾಲರ್ ಎಲ್ಲ ಎಣ್ಣೆ. ಹುಡುಗಿಯ ಅಪ್ಪನಿಗೆ ಅನುಮಾನ ಬಂತು. ‘ಇಷ್ಟೊಂದು ಬೆವರ್ತಿದೀಯಲ್ಲಪ್ಪ, ಮೈಗೇನಾರ ತೊಂದ್ರೆ ಐತಾ?’ ಮಾವ ಪೆಚ್ಚಾಗಿ ಎಣ್ಣೆಯ ಗುಟ್ಟು ಹೇಳಿದ. ಬಾಗಿಲ ಹಿಂದಿದ್ದ ಹುಡುಗಿ ಕಿಸಕ್ಕನೆ ನಕ್ಕಳು, ಕಾಫಿ ಚೆಲ್ಲಿತು, ಮದುವೆ ಗೊತ್ತಾಯಿತು.

ನಾಮಕರಣ, ಗೃಹಪ್ರವೇಶ, ಕೊನೆಗೆ ಮಾವನ ತಿಥಿಯೂಟದಲ್ಲೂ ಇದನ್ನು ಅಭಿನಯಿಸಿ ನಗಿಸಿದ್ದೇನೆ.

ಭಾನುವಾರ ಕಟಿಂಗ್ ಮಾಡಿಸಿಕೊಂಡದ್ದೂ ಗುಬ್ಬಿಗೆ ಹೋಗಲೆಂದೇ. ಮಾವನ ಮಗಳಿಗೆ ಗಂಡು ಗೊತ್ತಾಗಿ, ಬೀಗರು ಊಟಕ್ಕೆ ಬರುವವರಿದ್ದರು. ಅಡುಗೆಮನೆಯಲ್ಲಿ ಅತ್ತೆಗೆ ನನ್ನ ತಲೆಯ ವಾಸನೆ ಬಡಿದು, ಸಾರು ಕದಡುತ್ತಿದ್ದ ಸೌಟು ನಿಂತಿತು. ಬೀಗರಿಗೂ ಇವತ್ತು ಮಾವನ ಕಥೆ ಹೇಳಿಬಿಡುತ್ತೇನೆ ಎಂದೆ.

‘ನಾನು ನಗ್ಲಿಲ್ಲ ಕಣೋ’ ಎಂದಳು ಅತ್ತೆ.

ಯಾರೂ ನಗಲಿಲ್ಲವಂತೆ. ಈಕೆ ಯಾರನ್ನೂ ಕೇಳದೆ ಒಳಗಿಂದ ಬಂದು ಟವೆಲ್ ಕೊಟ್ಟಳಂತೆ. ಒರೆಸಿಕೊಂಡಾಗ ನಿಲ್ಲಿಸಿದ್ದ ಕೂದಲೆಲ್ಲ ಮಲಗಿ, ಬೋಳಾಗುತ್ತಿದ್ದ ಮುಂದಲೆ ಕಾಣಿಸಿತಂತೆ. ‘ಮುಚ್ಕೊಳಕ್ಕೆ ಏನೂ ಉಳ್ದಿರ್ಲಿಲ್ಲ ಅವ್ರಿಗೆ. ಆಗ ತಲೆ ಎತ್ತಿ ನನ್ನ ನೋಡುದ್ರು. ಅಷ್ಟೇಯ.’

ನಾನು ಅಲ್ಲೇ ಇದ್ದೆನಲ್ಲ, ಕಾಫಿ ಚೆಲ್ಲಿದ್ದು ನೆನಪಿದೆ ಎಂದು ವಾದಿಸಿದೆ. ‘ನೀನು ಆಚೆ ಜಗಲಿ ಮೇಲೆ ಪೇಪರ್ ಓದ್ತಿದ್ದೆ. ಕಾಲೇಜ್ ಹುಡ್ಗ, ನಿಂಗೆ ಇದೆಲ್ಲ ಸಸಾರ.’ ಜಗಲಿಯೂ ಪೇಪರೂ ನೆನಪಾದವು. ಹಾಗಾದರೆ ಆ ನಗುವನ್ನು ಎಲ್ಲಿಂದ ತಂದೆ? ಮೊದಲ ಸಲ ಕಥೆ ಹೇಳಿದಾಗ ಕೇಳಿದವರು ನಕ್ಕಿದ್ದರು. ಬಹುಶಃ ಅದನ್ನೇ ಒಯ್ದು ಬಾಗಿಲ ಹಿಂದೆ ಇಟ್ಟೆ.

ಅತ್ತೆ ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ‘ನನ್ ಮಗ್ಳೂ ನಿನ್ ಕತೇನೇ ಹೇಳ್ತಾಳೆ. ಈಚೀಚೆಗೆ ಕಣ್ಮುಚ್ಚುದ್ರೆ ನಂಗೂ ಕಾಫಿ ಚೆಲ್ಲಿದ್ದೇ ಕಾಣುತ್ತೆ. ಆ ಮುಖ ಕಾಣಲ್ಲ ಕಣೋ.’

ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುವಾಗ ಮಾವನ ಮಗಳು ‘ಭಾವ, ಪೊಮೇಡ್ ಕತೆ ಹೇಳು’ ಎಂದಳು. ಬೀಗರು ನಗಲು ಸಿದ್ಧರಾಗಿಯೇ ನನ್ನತ್ತ ತಿರುಗಿದರು.

‘ನಾನು ಅಲ್ಲಿರ್ಲಿಲ್ಲ. ನಿಮ್ಮಮ್ಮನ್ನ ಕೇಳು.’

ಅತ್ತೆ ಸೆರಗಿಗೆ ಕೈ ಒರೆಸಿಕೊಂಡಳು. ತಡವರಿಸುತ್ತಾ ಶುರು ಮಾಡಿದಳು. ನನ್ನಷ್ಟು ಚೆನ್ನಾಗಿ ಹೇಳಲಿಲ್ಲ, ಯಾರೂ ನಗಲಿಲ್ಲ. ಟವೆಲ್ಲಿನ ಹತ್ತಿರ ಬಂದಾಗ ಮಾತು ನಿಂತಿತು. ಅವಳ ಕೈ ಮಾತ್ರ ಮುಂದೆ ಚಾಚಿ, ಎದುರಿಗಿದ್ದವರು ತೆಗೆದುಕೊಳ್ಳಲಿ ಎಂಬಂತೆ ಗಾಳಿಯಲ್ಲೇ ಕಾಯುತ್ತಿತ್ತು.